ಹೊಸ ಡಬ್ಬಿ, ಹಳೆಯ ನಂಬರು

ಯಾರನ್ನಾದರೂ ಬಿಡುವ ಕಲೆ ನನಗೆ ಇನ್ನೂ ಕೈವಶವಾಗಿಲ್ಲ. ಬಿಡುತ್ತೇನೆ, ಆದರೆ ಬಿಟ್ಟೆ ಎಂದು ಹೇಳಲು ಬಾಯಿ ಬರುವುದಿಲ್ಲ. ಎಂಟು ವರ್ಷದ ಹಿಂದೆ ಒಬ್ಬ ದರ್ಜಿಯವರನ್ನು ಬಿಟ್ಟೆ. ಪ್ರತಿಸಲ ಅವರು ನನ್ನ ಪ್ಯಾಂಟನ್ನು ಎರಡು ಬೆರಳು ಹೆಚ್ಚು ಉದ್ದ ಹೊಲಿಯುತ್ತಿದ್ದರು, ನಾನು ಇನ್ನೂ ಬೆಳೆಯುವ ಹುಡುಗ ಎನ್ನುವ ಹಾಗೆ. ಆಗ ನನಗೆ ನಲವತ್ತೆರಡು. 'ನಿಮ್ಮ ಹೊಲಿಗೆ ಬೇಡ' ಎಂದು ಒಂದು ಮಾತು ಹೇಳಿದ್ದರೆ ಮುಗಿದುಹೋಗುತ್ತಿತ್ತು. ಹೇಳಲಿಲ್ಲ. ಅಂದಿನಿಂದ ಇಂದಿನವರೆಗೆ ಅವರ ಅಂಗಡಿಯಿರುವ ಓಣಿಗೆ ಹೋಗಿಲ್ಲ. ಆ ಓಣಿಯಲ್ಲಿ ಒಳ್ಳೆಯ ಗಿರಮಿಟ್ ಸಿಗುತ್ತದೆ. ಎಂಟು ವರ್ಷದಿಂದ ಅದನ್ನೂ ತಿಂದಿಲ್ಲ. ಹೀಗಿರುವ ಮನುಷ್ಯ ಇಂಟರ್‌ನೆಟ್ ಕಂಪನಿ ಬದಲಿಸುವಂಥ ಕೆಲಸಕ್ಕೆ ಕೈಹಾಕಲೇಬಾರದಿತ್ತು.

ನಮ್ಮದು ವಿಜಯಪುರದ ಗಾಂಧಿ ಚೌಕದ ಹತ್ತಿರ ಒಂದು ಸಣ್ಣ ರಕ್ತ ತಪಾಸಣೆಯ ಲ್ಯಾಬ್. ನಮ್ಮದು ಎಂದರೆ, ಕಲಿತವಳು, ಯಂತ್ರ ನಡೆಸುವವಳು, ರಕ್ತ ನೋಡಿ ಹೇಳುವವಳು ನನ್ನ ಹೆಂಡತಿ ಶೋಭಾ. ನಾನು ಮುಂದಿನ ಕೋಣೆಯಲ್ಲಿ ಕುಳಿತು ಹೆಸರು ಬರೆದುಕೊಳ್ಳುವವನು, 'ಮುಂಜಾನೆ ಏನೂ ತಿಂದಿಲ್ಲಲ್ರಿ?' ಎಂದು ಕೇಳುವವನು. ತಿಕೋಟಾದಲ್ಲಿ ಮತ್ತು ಬಬಲೇಶ್ವರದಲ್ಲಿ ನಮ್ಮ ಒಂದೊಂದು ಚಿಕ್ಕ ಕೋಣೆಯಿದೆ. ತಿಕೋಟಾದಲ್ಲಿ ರೇಣುಕಾ, ಬಬಲೇಶ್ವರದಲ್ಲಿ ಕಾಶೀಬಾಯಿ ಜನರ ರಕ್ತ ತೆಗೆದುಕೊಂಡು ಮುಂಜಾನೆಯ ಬಸ್ಸಿಗೆ ಕಳಿಸುತ್ತಾರೆ. ಶೋಭಾಳ ಯಂತ್ರ ಅದನ್ನು ನೋಡುತ್ತದೆ, ಯಂತ್ರದ ಪಕ್ಕದ ಕಂಪ್ಯೂಟರಿನಲ್ಲಿ ಅಂಕಿಗಳು ಮೂಡುತ್ತವೆ, ಅಲ್ಲಿಂದ ವೈರಿನೊಳಗೆ ನಡೆದು ನನ್ನ ಮುಂದಿನ ಕಂಪ್ಯೂಟರಿಗೆ ಬರುತ್ತವೆ. ನಾನು ಒಂದು ಗುಂಡಿ ಒತ್ತಿದರೆ ಮಧ್ಯಾಹ್ನದ ಹೊತ್ತಿಗೆ ರಿಪೋರ್ಟು ಬಬಲೇಶ್ವರದಲ್ಲಿ, ತಿಕೋಟಾದಲ್ಲಿ ಅಚ್ಚಾಗಿ ಹೊರಬೀಳುತ್ತದೆ. ಈ ಗುಂಡಿ ಒತ್ತುವ ಕೆಲಸವನ್ನೇ ನಾನು ಊರವರ ಮುಂದೆ 'ಲ್ಯಾಬ್ ನಡೆಸುವುದು' ಎಂದು ಹೇಳಿಕೊಂಡು ಬಂದಿದ್ದೇನೆ.

ನಾಲ್ಕು ವರ್ಷದ ಹಿಂದೆ ಇದನ್ನೆಲ್ಲ ಜೋಡಿಸಿಕೊಟ್ಟವನು ಬಸು. ಊರಿನದೇ ಒಂದು ಚಿಕ್ಕ ಇಂಟರ್‌ನೆಟ್ ಕಂಪನಿಯಲ್ಲಿದ್ದ. ನಲವತ್ತರ ಹತ್ತಿರದ, ಕಡಿಮೆ ಮಾತಿನ ಮನುಷ್ಯ. ವೈರು ಹಿಡಿದುಕೊಂಡು ಮೇಜಿನ ಕೆಳಗೆ ಹೊಕ್ಕರೆ ಕೆಲಸ ಮುಗಿಯುವ ತನಕ ಕಾಲು ಮಾತ್ರ ಕಾಣುತ್ತಿತ್ತು. ಅವನ ಹೆಸರನ್ನು ಫೋನಿನಲ್ಲಿ 'ಬಸು ನೆಟ್' ಎಂದು ಬರೆದಿಟ್ಟುಕೊಂಡಿದ್ದೆ. ಅವನ ಮೇಲೆ ನನಗೆ ದೂರಿರಲಿಲ್ಲ. ದೂರಿದ್ದದ್ದು ರಸ್ತೆ ಅಗೆಯುವ ಜೆಸಿಬಿಗಳ ಮೇಲೆ. ನಮ್ಮ ಕಡೆ ಜೆಸಿಬಿ ಎಲ್ಲಿ ಹಲ್ಲು ಊರಿದರೂ ಮೊದಲು ಸಿಗುವುದು ಆ ಕಂಪನಿಯ ಕೇಬಲ್. ತಿಂಗಳಿಗೆ ಎರಡು ಸಲ ಇಂಟರ್‌ನೆಟ್ ಹೋಗುತ್ತಿತ್ತು. ಅಂಥದೇ ಒಂದು ದಿನ ದೊಡ್ಡ ಕಂಪನಿಯೊಂದರ ಮನುಷ್ಯ ಟೈ ಕಟ್ಟಿಕೊಂಡು ಬಂದ. ಬಿಸಿಲಿನಲ್ಲಿ ಟೈ ಕಟ್ಟಿಕೊಂಡು ಬಂದವರನ್ನು ಬರಿಗೈಯಲ್ಲಿ ಕಳಿಸಲು ನನಗೆ ಮನಸ್ಸು ಬರುವುದಿಲ್ಲ. ಸಹಿ ಹಾಕಿದೆ. ಬಸುಗೆ ಫೋನ್ ಮಾಡಿ ಹೇಳಬೇಕಿತ್ತು. ಮಾಡಲಿಲ್ಲ. ಅವನ ಕಂಪನಿಗೆ 'ಮುಂದಿನ ತಿಂಗಳಿಂದ ಸೇವೆ ಬೇಡ' ಎಂದು ಒಂದು ಸಾಲಿನ ಸಂದೇಶ ಕಳಿಸಿ, ಕೊನೆಗೆ ಕೈಮುಗಿದ ಚಿತ್ರ ಹಾಕಿದೆ. ಅದಾದ ಮೂರನೆಯ ದಿನ ಗಾಂಧಿ ಚೌಕದಲ್ಲಿ ಬಸು ಎದುರಿನಿಂದ ಬರುವುದು ಕಂಡು ದಾಳಿಂಬೆ ಗಾಡಿಯ ಹಿಂದೆ ನಿಂತೆ. ಸುಮ್ಮನೆ ನಿಂತರೆ ಗಾಡಿಯವನು ಏನೆಂದುಕೊಂಡಾನು ಎಂದು ಎರಡು ಕಿಲೋ ಕೊಂಡೆ. ಮನೆಯಲ್ಲಿ ಅದಾಗಲೇ ಎರಡು ಕಿಲೋ ಇದ್ದವು.

ಸೋಮವಾರ ಹೊಸ ಕಂಪನಿಯವರು ಬಂದು ಇಂಟರ್‌ನೆಟ್ಟಿನ ಹಳೆಯ ಡಬ್ಬಿ, ಅಂದರೆ ರೌಟರ್, ತೆಗೆದು ಹೊಸ ಬಿಳಿ ಡಬ್ಬಿ ಕೂರಿಸಿದರು. ನನ್ನ ಫೋನಿನಲ್ಲಿ ಒಂದು ವಿಡಿಯೋ ಹಚ್ಚಿ ತೋರಿಸಿದರು. ಅದು ನೀರಿನ ಹಾಗೆ ಓಡಿತು. 'ನೋಡ್ರಿ ಸರ' ಎಂದರು. ನೋಡಿದೆ. ಅವರು ಹೋದರು. ಆಮೇಲೆ ಒಳಗಿನಿಂದ ಶೋಭಾ, "ಹತ್ತು ರಿಪೋರ್ಟ್ ಕಳಸೀನಿ, ಬಂದಾವೇನ್ರಿ?" ಎಂದಳು. ಒಂದೂ ಬಂದಿರಲಿಲ್ಲ. ಅವಳ ಕಂಪ್ಯೂಟರು ನನ್ನದರಿಂದ ಆರು ಹೆಜ್ಜೆ ದೂರ. ನನ್ನ ಕಂಪ್ಯೂಟರಿನಲ್ಲಿ ಜಗತ್ತಿನ ಯಾವ ಮೂಲೆಯದು ಬೇಕಾದರೂ ಕಾಣುತ್ತಿತ್ತು, ಆರು ಹೆಜ್ಜೆ ದೂರದ ಹೆಂಡತಿಯ ಕಂಪ್ಯೂಟರು ಮಾತ್ರ ಕಾಣುತ್ತಿರಲಿಲ್ಲ.

ಮೊದಲು ನಾನೇ ರಿಪೇರಿಗೆ ಇಳಿದೆ. ಎಲ್ಲ ವೈರುಗಳನ್ನು ಕಿತ್ತು, ಊದಿ, ಮತ್ತೆ ಚುಚ್ಚಿದೆ. ಯಾವುದು ಎಲ್ಲಿಯದೆಂದು ಮರೆಯಬಾರದೆಂದು ಗಾಯಕ್ಕೆ ಹಚ್ಚುವ ಬಿಳಿ ಪಟ್ಟಿ ಸುತ್ತಿ ಪೆನ್ನಿನಿಂದ ಬರೆದೆ. ಬೆವರಿದ ಕೈಗೆ ಶಾಯಿ ಹತ್ತಿ ಎಲ್ಲ ವೈರುಗಳ ಮೇಲೂ ಒಂದೇ ನೀಲಿ ಮಚ್ಚೆ ಉಳಿಯಿತು. ಡಬ್ಬಿಯ ಬೆನ್ನಿಗೆ ಒಂದು ಸೂಜಿಮೊನೆಯಷ್ಟು ತೂತು ಇರುತ್ತದೆ, ಅದರೊಳಗೆ ಚುಚ್ಚಿ ಹಿಡಿದರೆ ಎಲ್ಲ ಸರಿಹೋಗುತ್ತದೆ ಎಂದು ಎಲ್ಲೋ ಓದಿದ ನೆನಪು. ಲ್ಯಾಬಿನಲ್ಲಿ ಸೂಜಿಗೆ ಬರವೇ? ಹೊಸ ಸಿರಿಂಜಿನ ಸೂಜಿ ತೆಗೆದು ಚುಚ್ಚಿದೆ. ಡಬ್ಬಿಯ ದೀಪಗಳೆಲ್ಲ ಒಮ್ಮೆಲೇ ಆರಿ, ಮತ್ತೆ ಹೊತ್ತಿಕೊಂಡವು. ಹೊತ್ತಿಕೊಂಡ ಮೇಲೆ ವೈಫೈ ಹೆಸರು, ಗುಪ್ತಪದ ಎಲ್ಲ ಬದಲಾಗಿ ಇದ್ದ ಇಂಟರ್‌ನೆಟ್ಟೂ ಹೋಗಿತ್ತು. ಡಬ್ಬಿಯ ಹೊಟ್ಟೆಯ ಕೆಳಗೆ ಇರುವೆಯಷ್ಟು ಅಕ್ಷರದಲ್ಲಿ ಬರೆದ ಗುಪ್ತಪದವನ್ನು ಓದಲು ನನ್ನ ಕನ್ನಡಕ ಸಾಲದೆ, ಶೋಭಾ ರಕ್ತಕಣ ನೋಡುವ ಕಣ್ಣಿನಿಂದಲೇ ಓದಿ ಹೇಳಿದಳು. ಅದನ್ನು ಹಾಕಿದ ಮೇಲೆ ಇಂಟರ್‌ನೆಟ್ಟೇನೋ ಮರಳಿ ಬಂತು. "ಇನ್ನ ಅದಕ್ಕ ಕೈ ಹಚ್ಚಬ್ಯಾಡ್ರಿ" ಎಂದಳು.

ಕಂಪನಿಗೆ ಫೋನ್ ಮಾಡಿದೆ. ಜೇನಿನಂಥ ದನಿಯ ಹೆಣ್ಣುಮಗಳು, "ಸರ್, ನಿಮಗೆ ಇಂಟರ್‌ನೆಟ್ ಬರುತ್ತಿದೆಯೇ?" ಎಂದರು.

"ಬರಾಕತ್ತೈತ್ರಿ. ಆದ್ರ ಒಳಗಿನ ಕಂಪ್ಯೂಟರ್..."

"ಇಂಟರ್‌ನೆಟ್ ಬರುತ್ತಿದ್ದರೆ ನಿಮ್ಮ ದೂರು ಪರಿಹಾರವಾಗಿದೆ ಸರ್. ಶುಭದಿನ."

ನಿಜ ಹೇಳಿದವನ ದೂರು ಅರ್ಧ ನಿಮಿಷದಲ್ಲಿ ಪರಿಹಾರವಾಯಿತು. ಎರಡನೆಯ ಸಲ ಸುಳ್ಳು ಹೇಳಿದೆ, 'ಇಂಟರ್‌ನೆಟ್ ಒಟ್ಟ ಬರವಲ್ದು' ಎಂದೆ. ತಕ್ಷಣ ದೂರು ದಾಖಲಾಯಿತು. 'ನಮ್ಮ ತಂತ್ರಜ್ಞರು ನಿಮಗೆ ಕರೆ ಮಾಡುತ್ತಾರೆ' ಎಂದು ಸಂದೇಶ ಬಂತು. ಫೋನನ್ನು ಮೇಜಿನ ಮೇಲೆ ಎದುರಿಗೇ ಇಟ್ಟುಕೊಂಡು ಕಾಯುತ್ತ ಕುಳಿತೆ. ಕರೆ ಬಂತು. ನೋಡಿದರೆ 'ಬಸು ನೆಟ್'.

ಹಳೆಯ ಡಬ್ಬಿ ಇನ್ನೂ ನಮ್ಮ ಕಪಾಟಿನಲ್ಲೇ ಇತ್ತು. ಅದನ್ನು ವಾಪಸು ಕೇಳಲು ಮಾಡಿರಬೇಕು. ಇಲ್ಲವೇ, 'ನಾಕು ವರ್ಷ ಮಾಡಿದ್ದಕ್ಕ ಒಂದ ಮಾತ ಹೇಳ್ಲಿಲ್ಲಲ್ರಿ ಸರ' ಎನ್ನಲು. ಎರಡೂ ಬೇಡವೆಂದು ಎತ್ತಲಿಲ್ಲ. ಫೋನು ರಿಂಗಾಗಿ ರಿಂಗಾಗಿ ಸುಮ್ಮನಾಯಿತು. ಅರ್ಧ ಗಂಟೆಗೆ ಮತ್ತೆ ಬಸು. ಸಂಜೆ ಮತ್ತೆ ಬಸು. ಕಂಪನಿಯ ಕರೆ ಮಾತ್ರ ಇಲ್ಲ. ಮರುದಿನ ಮುಂಜಾನೆ ಕಂಪನಿಯ ಸಂದೇಶ: 'ಗ್ರಾಹಕರು ಕರೆ ಸ್ವೀಕರಿಸದ ಕಾರಣ ದೂರನ್ನು ಮುಕ್ತಾಯಗೊಳಿಸಲಾಗಿದೆ.' ಇಡೀ ದಿನ ಫೋನನ್ನು ಮಗುವಿನಂತೆ ಕಾಯ್ದುಕೊಂಡು ಕುಳಿತವನಿಗೆ ಕರೆ ಸ್ವೀಕರಿಸಲಿಲ್ಲ ಎನ್ನುತ್ತಾರಲ್ಲ! ಜೇನುದನಿಯವರಿಗೆ ಫೋನ್ ಮಾಡಿ ಕೂಗಾಡಿದೆ. ಅವರು ಇನ್ನಷ್ಟು ಜೇನಾಗಿ ಮತ್ತೆ ದೂರು ದಾಖಲಿಸಿದರು. ಬುಧವಾರವೂ ಹೀಗೇ ಆಯಿತು. ಬಸು ಐದು ಸಲ ಮಾಡಿದ, ಕಂಪನಿಯವರು ಒಮ್ಮೆಯೂ ಮಾಡಲಿಲ್ಲ, ದೂರು ಮುಕ್ತಾಯವಾಯಿತು.

ಇತ್ತ ಲ್ಯಾಬಿನ ಪಾಡು ಕೇಳಬೇಡಿ. ಪೆನ್‌ಡ್ರೈವಿನಲ್ಲಿ ತರೋಣವೆಂದರೆ, ವೈರಸ್ಸಿನ ಭಯಕ್ಕೆ ಯಂತ್ರದ ಕಂಪನಿಯವರು ಆ ಕಂಪ್ಯೂಟರಿನಲ್ಲಿ ಪೆನ್‌ಡ್ರೈವ್ ನಡೆಯದ ಹಾಗೆ ಮಾಡಿಟ್ಟಿದ್ದರು. ಹಾಗಾಗಿ ಶೋಭಾ ಒಳಗಿನಿಂದ ಅಂಕಿಗಳನ್ನು ಕೂಗುವುದು, ನಾನು ಹೊರಗೆ ಎರಡು ಬೆರಳಿನಿಂದ ಟೈಪು ಮಾಡುವುದು ನಡೆಯಿತು. ನಡುವೆ ಬೆಂಚಿನ ಮೇಲೆ ಕುಳಿತ ಹತ್ತು ಜನ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದರು. ನಿವೃತ್ತ ಮಾಸ್ತರರೊಬ್ಬರ ಸಕ್ಕರೆಯ ಅಂಕಿ ಒಳಗಿನಿಂದ ಬಂದದ್ದೇ ತಡ, ಪಕ್ಕದಲ್ಲಿದ್ದ ಅವರ ಹೆಂಡತಿ, "ಶೇಂಗಾ ಹೋಳಿಗಿ ಡಬ್ಬಿ ಹ್ಯಾಂಗ ಖಾಲಿ ಆತಂತ ಈಗ ತಿಳೀತ್ ನೋಡ್ರಿ!" ಎಂದು ಎಲ್ಲರೆದುರು ವಿಚಾರಣೆ ಶುರುಮಾಡಿದರು. ಮಾಸ್ತರರು ನನ್ನ ಕಡೆ ನೋಡಿದ ನೋಟ ನನಗೆ ಶಾಲೆಯ ದಿನಗಳನ್ನು ನೆನಪಿಸಿತು. ಇವರೆಲ್ಲರಿಗಿಂತ ಜಾಣೆ ತಿಕೋಟಾದ ರೇಣುಕಾ. ಎರಡನೆಯ ದಿನವೇ ರಕ್ತದ ಡಬ್ಬಿಯ ಜೊತೆ ತಾನೂ ಬಸ್ಸು ಹತ್ತಿ ಬಂದು, ಯಂತ್ರದ ಮುಂದೆ ಕುಳಿತು, ತನ್ನ ಊರಿನವರ ಅಂಕಿಗಳನ್ನೆಲ್ಲ ವಹಿಯಲ್ಲಿ ದುಂಡಗೆ ಬರೆದುಕೊಂಡು ಹೊರಟಳು. ಹೊರಡುವಾಗ, "ಸರ್, ನಿಮ್ಮ ಹೊಸಾ ಇಂಟರ್‌ನೆಟ್‌ಗಿಂತ ನಮ್ಮ ತಿಕೋಟಾ ಬಸ್ ಫಾಸ್ಟ್ ಐತಿ ನೋಡ್ರಿ" ಎಂದಳು. ಹಾಸ್ಯಕ್ಕೆ ಹೇಳಿದಳೋ ಖರೆ ಹೇಳಿದಳೋ ಕೇಳುವ ತ್ರಾಣ ನನಗಿರಲಿಲ್ಲ.

ಗುರುವಾರ ಮುಂಜಾನೆ ಬಸು ನಾಲ್ಕು ಸಲ ಮಾಡಿದ ಮೇಲೆ ನಾನು ಫೋನನ್ನು ಸದ್ದಿಲ್ಲದಂತೆ ಮಾಡಿ ಮೇಜಿನ ಖಾನೆಯೊಳಗೆ ಹಾಕಿದೆ. ಈ ಒಂದು ಕೆಲಸಕ್ಕಾಗಿ ನಾನು ಈಗಲೂ ನನ್ನನ್ನು ಕ್ಷಮಿಸಿಕೊಂಡಿಲ್ಲ.

ಹಾಕುವ ಸ್ವಲ್ಪ ಮೊದಲು ಬಬಲೇಶ್ವರದ ಕಾಶೀಬಾಯಿ ಫೋನ್ ಮಾಡಿದ್ದಳು. ನಿಡೋಣಿಯ ಗಂಗವ್ವ ಎಂಬ ಹೆಣ್ಣುಮಗಳಿಗೆ ಐದು ದಿನದಿಂದ ಜ್ವರ, ಡೆಂಗ್ಯೂ ಎಂದು ಬಬಲೇಶ್ವರದ ಸಣ್ಣ ದವಾಖಾನೆಯಲ್ಲಿ ಇಟ್ಟುಕೊಂಡಿದ್ದಾರೆ. ದಿನಾಲೂ ಅವರ ಪ್ಲೇಟ್‌ಲೆಟ್ ಎಣಿಕೆ ನೋಡಬೇಕು. ನಮ್ಮ ಕಡೆ ಜನ ಇದನ್ನು 'ಬಿಳಿರಕ್ತ' ಎನ್ನುತ್ತಾರೆ. ಅದು ಬಿಳಿಯೂ ಅಲ್ಲ, ರಕ್ತವೂ ಅಲ್ಲ ಎಂದು ಶೋಭಾ ತಿದ್ದಿ ತಿದ್ದಿ ದಣಿದು ಈಗ ತಾನೂ ಬಿಳಿರಕ್ತ ಎನ್ನುತ್ತಾಳೆ. "ಸರ್, ಡಾಕ್ಟರ್ ಕಾಯಾಕತ್ತಾರ್ರಿ. ಗಂಗವ್ವಂದು ಒಂದ ಲಗೂನ ಕಳಸ್ರಿ" ಎಂದಳು ಕಾಶೀಬಾಯಿ. ಟೈಪು ಮಾಡುತ್ತ ಕುಳಿತರೆ ಸರತಿ ಬರುವುದು ತಡವಾಗುತ್ತದೆಂದು ನಾನು ಒಳಗೆ ಹೋಗಿ, ಯಂತ್ರದ ಪರದೆಯ ಫೋಟೋ ಹೊಡೆದು ಕಳಿಸಿಬಿಟ್ಟೆ. ಶೋಭಾ ಆಗ ಬೇರೊಬ್ಬರ ರಕ್ತ ತೆಗೆಯುತ್ತಿದ್ದಳು. ಕಳಿಸಿ, ಜಾಣತನದ ಕೆಲಸ ಮಾಡಿದೆನೆಂದು ಹೆಮ್ಮೆಪಟ್ಟು, ಫೋನನ್ನು ಖಾನೆಗೆ ಹಾಕಿದೆ.

ಒಂದು ತಾಸಿನ ಮೇಲೆ ಲ್ಯಾಬಿನ ಮುಂದೆ ಒಂದು ಜೀಪು ನಿಂತಿತು. ಐವತ್ತರ ಆಸುಪಾಸಿನ ಗಂಡಸೊಬ್ಬರು ಹೆಂಡತಿಯನ್ನು ಕೈಹಿಡಿದು ಇಳಿಸಿಕೊಂಡು ಒಳಗೆ ಬಂದರು. ಟೋಪಿ ಕೈಯಲ್ಲಿತ್ತು, ಹಾಕಿಕೊಳ್ಳುವುದನ್ನು ಮರೆತ ಹಾಗೆ. "ಸರ, ನಾವು ನಿಡೋಣ್ಯಾವ್ರು, ನಾ ಮಲ್ಲಪ್ಪರಿ. ಈಕಿ ಗಂಗವ್ವ. ಬಿಳಿರಕ್ತ ಮೂವತ್ತಮೂರ ಸಾವಿರಕ್ಕ ಇಳದೈತಿ, ದೊಡ್ಡ ದವಾಖಾನಿಗಿ ಒಯ್ರಿ ಅಂದಾರ್ರಿ ಡಾಕ್ಟರು. ಒಯ್ಯೂಕಿಂತ ಮೊದ್ಲ ನಿಮ್ಮಲ್ಲಿ ಇನ್ನೊಮ್ಮಿ ನೋಡಿಸ್ರಿ ಅಂತಂದ್ರು. ನಿಮಗ ಫೋನ್ ಹಚ್ಚಿ ಹಚ್ಚಿ ಸಾಕಾತಂತ್ರಿ ಅವರಿಗಿ."

ಒಳಗಿನಿಂದ ಶೋಭಾ ಹೊರಬಂದಳು. "ಮೂವತ್ತಮೂರು? ಎಂಬತ್ತಮೂರಲಾ?" ಎಂದಳು.

ಖಾನೆ ತೆರೆದು ಫೋನು ತೆಗೆದು, ನಾನು ಕಳಿಸಿದ ಫೋಟೋ ನೋಡಿದೆ. ಪರದೆಯ ಮೇಲೆ ಟ್ಯೂಬ್‌ಲೈಟಿನ ಬೆಳಕು ಅಡ್ಡಬಿದ್ದು, ಎಂಟರ ಎಡಗಡೆಯನ್ನು ಅಳಿಸಿ ಅದನ್ನು ಅಚ್ಚುಕಟ್ಟಾದ ಮೂರು ಮಾಡಿಟ್ಟಿತ್ತು. ಶೋಭಾ ಗಂಗವ್ವನವರನ್ನು ಒಳಗೆ ಕರೆದೊಯ್ದು ಹೊಸದಾಗಿ ರಕ್ತ ತೆಗೆದಳು. ಮಲ್ಲಪ್ಪ ಬೆಂಚಿನ ತುದಿಗೆ ಕುಳಿತರು. ಬೆಂಚಿನಲ್ಲಿದ್ದ ಉಳಿದವರು ಸರಿದು ಜಾಗ ಕೊಟ್ಟರು. ಯಂತ್ರ ತನ್ನ ಕೆಲಸ ಮುಗಿಸುವುದಕ್ಕೆ ಎರಡು ಮೂರು ನಿಮಿಷ ಬೇಕು. ಇಷ್ಟು ವರ್ಷ ಆ ಎರಡು ಮೂರು ನಿಮಿಷವನ್ನು ನಾನು ಒಮ್ಮೆಯೂ ಬೆಂಚಿನ ಕಡೆಯಿಂದ ನೋಡಿರಲಿಲ್ಲ.

"ಎಂಬತ್ತನಾಕ ಸಾವಿರ" ಎಂದಳು ಶೋಭಾ, ಬಾಗಿಲಲ್ಲಿ ನಿಂತು, ಈ ಸಲ ಎಲ್ಲರಿಗೂ ಕೇಳಿಸಲಿ ಎಂದೇ. "ಮುಂಜಾನಿಗಿಂತ ಒಂದ ಸಾವಿರ ಜಾಸ್ತಿನ ಐತಿ. ಏನೂ ಅಂಜಬ್ಯಾಡ್ರಿ. ಡಾಕ್ಟರಿಗಿ ನಾನ ಹೇಳತೀನಿ."

ಮಲ್ಲಪ್ಪ ಟೋಪಿಯನ್ನು ಮುಖಕ್ಕೆ ಒತ್ತಿ ಹಿಡಿದುಕೊಂಡರು. ನಾನು ಅವರ ಮುಂದೆ ಹೋಗಿ ನಿಂತು, "ತಪ್ಪು ನಂದರಿ. ಫೋಟೋ ನಾನ ಹೊಡದಿದ್ನಿ. ಫೋನೂ ನಾನ ಎತ್ತಲಿಲ್ಲ" ಎಂದೆ. ಬೈಯುತ್ತಾರೆ ಎಂದು ಕಾಯ್ದೆ. ಬೈದಿದ್ದರೆ ಹಗುರವಾಗುತ್ತಿತ್ತು. ಅವರು, "ಹೋಗ್ಲಿ ಬಿಡ್ರಿ ಸರ. ಬಬಲೇಶ್ವರದಿಂದ ಇಲ್ಲೀತನಾ ಆಕಿ ಕೈ ಹಿಡಕೊಂಡ ಬಂದೀನ್ರಿ. ಲಗ್ನದಾಗ ಹಿಡದ ಮ್ಯಾಲ ಇಷ್ಟೊತ್ತ ಹಿಡದಿದ್ದಿಲ್ಲ" ಎಂದರು.

"ಬಿಡಸ್ಕೊಳ್ಳಾಕ ಹೋದ್ರ ಬಿಡ್ಲಿಲ್ರಿ ಯವ್ವಾ" ಎಂದರು ಗಂಗವ್ವ, ಶೋಭಾಳ ಕಡೆ ತಿರುಗಿ. "ಕೈ ಜುಂ ಹಿಡದೈತಿ. ಜ್ವರಕ್ಕಿಂತ ಇದ ಹೆಚ್ಚಾತು."

ಬೆಂಚು ನಕ್ಕಿತು. ಶೇಂಗಾ ಹೋಳಿಗೆಯ ಮಾಸ್ತರರೂ ಅಂದು ಮತ್ತೆ ಬಂದಿದ್ದರು, ಅವರೂ ನಕ್ಕರು. ನಾನು ನಗಲು ಹೋದೆ, ಆಗಲಿಲ್ಲ. ಶೋಭಾ ಬಬಲೇಶ್ವರದ ಡಾಕ್ಟರಿಗೆ ಹೇಳಲು ನನ್ನ ಫೋನು ಇಸಿದುಕೊಂಡಳು. ಡಾಕ್ಟರು ಎಲ್ಲ ಕೇಳಿಸಿಕೊಂಡು, "ರಕ್ತ ನೋಡೂದು ನಿಮ್ಮ ಕೆಲಸ, ಖರೆ. ಫೋನ್ ಎತ್ತೂದು ಯಾರ ಕೆಲಸರಿ?" ಎಂದು ಕೇಳಿದ್ದು ನನಗೂ ಕೇಳಿಸಿತು. ಕರೆ ಮುಗಿದ ಮೇಲೆ ಅವಳು ಫೋನು ಕೊಡದೆ ಪರದೆಯನ್ನೇ ನೋಡುತ್ತ ನಿಂತಳು. "ಬಸುಂದು ಹದಿನೇಳು ಮಿಸ್ಡ್ ಕಾಲ್ ಅದಾವಲ್ರಿ. ಯಾಕ ಎತ್ತಿಲ್ಲ?"

"ಏನಂತ ಎತ್ತಲಿ? ಬಿಟ್ಟೇವಿ ಅಂತ ಅವಗ ಹೇಳಿಲ್ಲ."

ಶೋಭಾ ನನ್ನನ್ನು ನೋಡಿದಳು. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಆ ನೋಟದ ಅರ್ಥ ನನಗೆ ಗೊತ್ತು. ಅವಳೇ ಬಸುಗೆ ಫೋನ್ ಹಚ್ಚಿ, ಎಲ್ಲರಿಗೂ ಕೇಳುವ ಹಾಗೆ ಮಾಡಿ ಮೇಜಿನ ಮೇಲಿಟ್ಟಳು.

"ಸರ! ಅಂತೂ ಎತ್ತಿದ್ರಲಾ" ಎಂದಿತು ಬಸುವಿನ ದನಿ. "ಮೂರ ದಿನದಿಂದ ಮಾಡಾಕತ್ತೀನ್ರಿ. ನಿಮ್ಮ ಕಂಪ್ಲೇಂಟ್ ನನಗ ಬಂದೈತಿ. ನಾ ಈಗ ಅದ ಕಂಪನ್ಯಾಗ ಅದೀನ್ರಿ, ಹೊಸಾದ್ರಾಗ. ನೀವ್ ಎತ್ತಲಿಲ್ಲಂತ ಆಫೀಸಿನ್ಯಾವ್ರು ಕ್ಲೋಸ್ ಮಾಡಾವ್ರು, ನೀವ್ ಮತ್ತ ಕಂಪ್ಲೇಂಟ್ ಕೊಡಾವ್ರು. ಬರ್ಲೇನ್ರಿ ಈಗ?"

ಅರ್ಧ ಗಂಟೆಯಲ್ಲಿ ಬಂದ. ಅಷ್ಟರಲ್ಲಿ ಗಂಗವ್ವ ಚಹಾ ಕುಡಿದು, ಚಹಾದ ಜೊತೆ ಕೊಟ್ಟ ಬಿಸ್ಕಿಟ್ಟನ್ನೂ ತಿಂದು, ಐದು ದಿನದಲ್ಲಿ ಮೊದಲ ಸಲ ಬಾಯಿಗೆ ರುಚಿ ಹತ್ತಿತೆಂದು ಹೇಳಿ, ಅದೇ ಜೀಪಿನಲ್ಲಿ ಬಬಲೇಶ್ವರಕ್ಕೆ ಹೊರಟಿದ್ದರು. ನಾನು ಮನೆಗೆ ಓಡಿ, ಇದ್ದ ದಾಳಿಂಬೆಯನ್ನೆಲ್ಲ ಚೀಲಕ್ಕೆ ತುಂಬಿ ತಂದು ಜೀಪಿನಲ್ಲಿಟ್ಟಿದ್ದೆ.

ಬಸು ಮೇಜಿನ ಕೆಳಗೆ ಹೊಕ್ಕು, ನೀಲಿ ಮಚ್ಚೆಯ ಪಟ್ಟಿಗಳನ್ನು ನೋಡಿ, ಏನೂ ಕೇಳದೆ ಹೊರಬಂದು ನನ್ನ ಕಂಪ್ಯೂಟರಿನ ಮುಂದೆ ಕುಳಿತ. ಆಗಿದ್ದಿಷ್ಟೇ. ಇಂಥ ಡಬ್ಬಿ ತನಗೆ ಜೋಡಿಸಿದ ಪ್ರತಿ ಕಂಪ್ಯೂಟರಿಗೂ ಒಂದು ನಂಬರು ಕೊಡುತ್ತದಂತೆ, ಮನೆಗಳಿಗೆ ಇರುವ ಹಾಗೆ. ಹಳೆಯ ಡಬ್ಬಿ ಒಂದು ಸಾಲಿನ ನಂಬರು ಕೊಡುತ್ತಿತ್ತು, ಹೊಸದು ಬೇರೆ ಸಾಲಿನದು. ನನ್ನ ಕಂಪ್ಯೂಟರು ಹೊಸ ಡಬ್ಬಿ ಕೊಟ್ಟದ್ದನ್ನು ತೆಗೆದುಕೊಂಡು ಹೊಸ ಸಾಲಿಗೆ ಹೋಗಿತ್ತು. ಯಂತ್ರದ ಕಂಪ್ಯೂಟರಿನ ನಂಬರು ಮಾತ್ರ ಎಂದೂ ಬದಲಾಗಬಾರದೆಂದು ನಾಲ್ಕು ವರ್ಷದ ಹಿಂದೆ ಬಸುವೇ ಕೈಯಾರೆ ಬರೆದಿಟ್ಟಿದ್ದ. ಅದು ಹಳೆಯ ಸಾಲಿನಲ್ಲೇ ಕುಳಿತು ನನ್ನನ್ನು ಅಲ್ಲಿ ಹುಡುಕುತ್ತಿತ್ತು. "ಎರಡೂ ಚಲೋ ಅದಾವ್ರಿ. ಬ್ಯಾರೆ ಬ್ಯಾರೆ ಓಣ್ಯಾಗ ನಿಂತಿದ್ದು ಅಷ್ಟ" ಎಂದ. ಹೊಸ ಡಬ್ಬಿಯೇ ಹಳೆಯ ಸಾಲಿನ ನಂಬರು ಕೊಡುವ ಹಾಗೆ ಎರಡು ಕಡೆ ಬದಲಿಸಿದ. ಹತ್ತು ನಿಮಿಷವೂ ಹಿಡಿಯಲಿಲ್ಲ. ಶೋಭಾ ಒಳಗಿನಿಂದ ಒಂದು ರಿಪೋರ್ಟು ಕಳಿಸಿದಳು. ನನ್ನ ಪರದೆಯ ಮೇಲೆ ಬಂದು ನಿಂತಿತು. ಮೂರು ದಿನ ಹೊಲದಲ್ಲಿ ದುಡಿದವನ ಹಾಗೆ ನಾನು ಕುರ್ಚಿಗೆ ಒರಗಿದೆ.

"ಬಸು, ನಿನಗ ಹೇಳದ ಬಿಟ್ಟಿದ್ದಕ್ಕ ಬ್ಯಾಸರ ಮಾಡ್ಕೋಬ್ಯಾಡಪಾ" ಎಂದೆ.

"ಬ್ಯಾಸರ ಎಲ್ಲೀದ್ರಿ ಸರ. ನಿಮಗಿಂತ ಹದಿನೈದ ದಿನ ಮೊದ್ಲ ನಾ ಬಿಟ್ಟಿದ್ನಿ. ನಿಮಗ ಹ್ಯಾಂಗ ಹೇಳೂದಂತ ನನಗ ಸಂಕೋಚ ಆಗಿತ್ತು. ಅವತ್ತ ಚೌಕದಾಗ ಹೇಳಬೇಕಂತ ಬಂದ್ನಿ. ನೀವ್ ದಾಳಿಂಬರಿ ಆರಿಸೂದ್ರಾಗ ಇದ್ರಿ." ಇಷ್ಟು ಹೇಳಿ, ನಗು ಬರುವ ಮೊದಲೇ ಚೀಲ ಹೆಗಲಿಗೆ ಹಾಕಿಕೊಂಡು ಹೊರಟುಹೋದ.

ಅವನು ಹೋಗಿ ಐದು ನಿಮಿಷವಾಗಿರಲಿಲ್ಲ, ಫೋನು ರಿಂಗಾಯಿತು. ಈ ಸಲ ಮೊದಲ ಸದ್ದಿಗೇ ಎತ್ತಿದೆ. ಮನುಷ್ಯರಲ್ಲ, ಕಂಪನಿಯ ಯಂತ್ರದ ದನಿ. ನಿಮ್ಮ ದೂರು ಪರಿಹಾರವಾಗಲು ಮೂರು ದಿನ ತಡವಾಗಿದ್ದಕ್ಕೆ ವಿಷಾದಿಸುತ್ತೇವೆ, ತಡವಾಗಲು ಕಾರಣ ತಂತ್ರಜ್ಞರಾಗಿದ್ದರೆ ಒಂದನ್ನು ಒತ್ತಿ, ಕಂಪನಿಯ ಸೇವೆಯಾಗಿದ್ದರೆ ಎರಡನ್ನು ಒತ್ತಿ, ಪ್ರತಿಕೂಲ ಹವಾಮಾನವಾಗಿದ್ದರೆ ಮೂರನ್ನು ಒತ್ತಿ ಎಂದಿತು. ನಾಲ್ಕನೆಯದು ಏನಾದರೂ ಇರಬಹುದೆಂದು ಫೋನನ್ನು ಕಿವಿಗೆ ಒತ್ತಿ ಹಿಡಿದು ಕಾಯ್ದೆ. ಇರಲಿಲ್ಲ. ನನ್ನಂಥವರಿಗೆಂದು ಅವರು ಒಂದು ನಂಬರು ಇಟ್ಟಿರಲಿಲ್ಲ. ದನಿ ಮತ್ತೆ ಮೊದಲಿನಿಂದ ಶುರುಮಾಡಿತು. ಒಳಗಿನಿಂದ ಶೋಭಾ, "ಯಾರ್ರೀ ಫೋನು?" ಎಂದಳು. ನಾನು ಬಾಗಿಲಾಚೆ ನೋಡಿದೆ. ಗಾಂಧಿ ಚೌಕದ ಮೇಲೆ ಒಂದು ಚೂರು ಮೋಡವೂ ಇಲ್ಲದ ಆಕಾಶವಿತ್ತು, ಬಿಸಿಲಿಗೆ ಆಟೋದವರು ತಲೆಯ ಮೇಲೆ ಟವೆಲ್ ಹಾಕಿಕೊಂಡು ಕುಳಿತಿದ್ದರು. ಮೂರನ್ನು ಒತ್ತಿದೆ.